ಮರೆವು ಬಂದರೂ ತಟ್ಟೆ ಬದಲಾಗದಿರಲು

ಇಂಗ್ಲೆಂಡಿನ ಕೇರ್ ಹೋಮ್‌ನಲ್ಲಿರುವ ಹಿರಿಯರೊಬ್ಬರು ಮರೆಗುಳಿತನದಿಂದ ನಿರ್ಧಾರ ಸಾಮರ್ಥ್ಯ ಕಳೆದುಕೊಂಡರೆ, ಅವರು ಪಾಲಿಸುತ್ತಾ ಬಂದ ಸಸ್ಯಾಹಾರ ಅಥವಾ ವೀಗನ್ (ಹಾಲು, ಮೊಟ್ಟೆಯೂ ಸೇರಿ ಪ್ರಾಣಿಮೂಲದ ಏನನ್ನೂ ತಿನ್ನದ) ನಿಯಮವೂ ಅಲ್ಲಿಗೆ ಮುಗಿಯುವುದಿಲ್ಲ. ಅವರ ಪರವಾಗಿ ನಿರ್ಧರಿಸುವವರು ಅವರ ಹಿಂದಿನ ಹಾಗೂ ಈಗಿನ ಇಚ್ಛೆ, ನಂಬಿಕೆ, ಮೌಲ್ಯಗಳನ್ನು, ಅದರಲ್ಲೂ ಸಾಮರ್ಥ್ಯವಿದ್ದಾಗ ಬರೆದಿಟ್ಟ ಹೇಳಿಕೆಯನ್ನು ಪರಿಗಣಿಸಬೇಕೆಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ 4ನೇ ಸೆಕ್ಷನ್ ವಿಧಿಸುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಹೇಳಿಕೆಯಿಂದಲೇ ಆರಂಭಿಸುವುದು ಒಳ್ಳೆಯದು.

ಬರೆಯುವಾಗ ಸಸ್ಯಾಹಾರಿ ಎಂದಷ್ಟೇ ನಮೂದಿಸಿದರೆ ಸಾಲದು, ಏಕೆಂದರೆ ಅಲ್ಲಿನ ಸಸ್ಯಾಹಾರಿ ಊಟದಲ್ಲಿ ಮೊಟ್ಟೆ ಸಾಮಾನ್ಯ. ಮೊಟ್ಟೆ ಹಾಕಿದ ಕೇಕು, ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಾಟಿನ್ ಇರುವ ಸಿಹಿ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿದ ಚೀಸ್, ಈರುಳ್ಳಿ-ಬೆಳ್ಳುಳ್ಳಿ, ಏಕಾದಶಿಯ ಉಪವಾಸ, ಬೇರೆ ಔಷಧ ಸಿಗದಿದ್ದಾಗ ಜೆಲಾಟಿನ್ ಕ್ಯಾಪ್ಸೂಲ್ ಒಪ್ಪಿಗೆಯೇ ಎಂಬುದನ್ನೆಲ್ಲ ಕಾರಣಸಹಿತ ಬರೆದು, ಸಹಿ ಮತ್ತು ದಿನಾಂಕ ಹಾಕಿ, ಕುಟುಂಬದ ವೈದ್ಯರಿಗೂ ಕೇರ್ ಹೋಮ್‌ಗೂ ಪ್ರತಿ ಕೊಡಬೇಕು. ಈ ಹೇಳಿಕೆಯನ್ನು ಪರಿಗಣಿಸಬೇಕೇ ಹೊರತು, ಅದು ಪಾಲಿಸಲೇಬೇಕಾದ ಆದೇಶವಲ್ಲ. ಆದ್ದರಿಂದ ಆರೋಗ್ಯ ಮತ್ತು ಕ್ಷೇಮದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿಯನ್ನೂ (ಮುಂದೆ ತಮ್ಮ ಪರವಾಗಿ ನಿರ್ಧರಿಸಲು ನಂಬಿಕಸ್ಥರೊಬ್ಬರನ್ನು ‘ಅಟಾರ್ನಿ’ಯಾಗಿ ನೇಮಿಸುವ ಪತ್ರ) ಸಾಮರ್ಥ್ಯವಿರುವಾಗಲೇ ಮಾಡಿ, ಇಂಥ ಪತ್ರಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್‌ನಲ್ಲಿ ನೋಂದಾಯಿಸಬೇಕು. ಆಸ್ತಿ ಮತ್ತು ಹಣಕಾಸಿಗೆ ಮಾಡಿಸಿದ ಪತ್ರ ಊಟದ ವಿಷಯಕ್ಕೆ ಉಪಯೋಗಕ್ಕೆ ಬಾರದು.

ಸೇರುವ ಮುನ್ನ ಅಡುಗೆಮನೆಯವರನ್ನೇ ಕಂಡು ಸೂಪಿಗೆ ಯಾವ ಸ್ಟಾಕ್ (ಮೂಳೆ, ಮಾಂಸ ಅಥವಾ ತರಕಾರಿ ಬೇಯಿಸಿದ ರಸ) ಹಾಕುತ್ತಾರೆ, ಸೌಟು ಬೇರೆಯೇ ಎಂದು ಕೇಳಿ, ಉತ್ತರ ಅವರ ಆರೈಕೆಯ ಲಿಖಿತ ಯೋಜನೆಯಾದ ಕೇರ್ ಪ್ಲಾನ್‌ನಲ್ಲಿ ದಾಖಲಾಗಿದೆಯೇ ನೋಡಬೇಕು. ನುಂಗಲು ಕಷ್ಟವಾಗಿ ಅರೆದ ಆಹಾರ ಆರಂಭವಾದಾಗ ಮತ್ತೊಮ್ಮೆ ವಿಚಾರಿಸಬೇಕು. ತಟ್ಟೆಯಲ್ಲಿರುವುದೇನೆಂದು ಕಣ್ಣಿಗೆ ಗೊತ್ತಾಗದ ಹಂತವದು. ವೀಗನ್ನರಿಗೆ ವಿಟಮಿನ್ ಬಿ12 ತಪ್ಪದೆ ಸಿಗಬೇಕು. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುವುದರಿಂದ ಕಲ್ಲುಹೂವಿನಿಂದ ಮಾಡಿದ್ದನ್ನು ಕೇಳಬಹುದು.

ಎಲ್ಲಕ್ಕಿಂತ ಕಠಿಣವಾದದ್ದು, ಅವರೇ ಪಕ್ಕದವರ ತಟ್ಟೆಯ ಮಾಂಸಕ್ಕೆ ಕೈಚಾಚುವ ಸಂದರ್ಭ. ಕಾಯ್ದೆ ಈಗಿನ ಇಚ್ಛೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಇಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಹಸಿವೋ, ಪರಿಮಳವೋ, ಎಲ್ಲರೂ ತಿನ್ನುತ್ತಿದ್ದಾರೆಂಬ ಅನುಕರಣೆಯೋ ಇರಬಹುದಾದ ಒಂದು ಕ್ಷಣವನ್ನು ಮನಃಪರಿವರ್ತನೆಯೆಂದು ಬರೆದುಕೊಳ್ಳುವುದು ಅವಸರದ ತೀರ್ಮಾನ. ಅದೇ ರೂಪದ ಸೋಯಾ ಖಾದ್ಯವನ್ನು ಮೊದಲೇ ಮುಂದಿಟ್ಟು, ಕೂರುವ ಜಾಗ ಬದಲಿಸಿ ನೋಡಬೇಕು. ಗದರಿ ತಟ್ಟೆ ಕಸಿಯಬಾರದು. ಆಸೆ ಮರುಕಳಿಸುತ್ತಲೇ ಇದ್ದರೆ, ಅವರ ಹಿತ ಯಾವುದರಲ್ಲಿದೆಯೆಂದು ಕುಟುಂಬ, ಅಟಾರ್ನಿ ಮತ್ತು ಸಿಬ್ಬಂದಿ ಒಟ್ಟಿಗೆ ಕುಳಿತು ಚರ್ಚಿಸಿ, ನಿರ್ಧಾರವನ್ನು ಕಾರಣಸಮೇತ ದಾಖಲಿಸಬೇಕು. ಅಲ್ಲಿಯೂ ಒಮ್ಮತ ಮೂಡದಿದ್ದರೆ, ಸಾಮರ್ಥ್ಯ ಕಳೆದುಕೊಂಡವರ ವಿಷಯಗಳನ್ನು ತೀರ್ಮಾನಿಸುವ ಕೋರ್ಟ್ ಆಫ್ ಪ್ರೊಟೆಕ್ಷನ್ ಮೊರೆಹೋಗಲು ಅವಕಾಶವಿದೆ.