ಮದುವೆಗೆ ನಿಮ್ಮ ಸೀಮೆಯ ಸೊಗಡು ತರೋದು ಹೇಗೆ? ಚಪ್ಪರದಿಂದ ತಾಂಬೂಲದವರೆಗೆ

ಹೋದ ವರ್ಷ ವೈಶಾಖದಲ್ಲಿ ನಮ್ಮಣ್ಣನ ಮಗಳ ಮದುವೆ ಆಯ್ತು. ನಾವು ಮಂಡ್ಯ ಕಡೆಯವರು, ಬೀಗರು ಧಾರವಾಡದವರು. ಡೆಕೋರೇಶನ್‌ನವರು ಮೊಬೈಲಲ್ಲಿ ಒಂದಾದ ಮೇಲೊಂದು ಫೋಟೋ ತೋರಿಸ್ತಾ ಹೋದಾಗ ನನಗೆ ಅನ್ನಿಸಿದ್ದು ಒಂದೇ, ಇದರಲ್ಲಿ ಮಂಡ್ಯನೂ ಇಲ್ಲ ಧಾರವಾಡನೂ ಇಲ್ಲ, ಯಾರ ಮದುವೆಗೆ ಬೇಕಾದ್ರೂ ತಂದು ನಿಲ್ಲಿಸಬಹುದಾದ ಸ್ಟೇಜು ಇದು. ಆಮೇಲೆ ನಾಲ್ಕು ತಿಂಗಳು ಓಡಾಡಿ ನಮ್ಮದೇ ಥರ ಒಂದು ಮದುವೆ ಮಾಡಿದ್ವಿ. ಅದರಲ್ಲಿ ಕಲಿತಿದ್ದನ್ನ ಕೆಲಸದ ಸರದಿಯಲ್ಲೇ ಬರೀತಿದೀನಿ, ಈ ಸೀಸನ್‌ನಲ್ಲಿ ಮದುವೆ ಇಟ್ಕೊಂಡಿರೋರಿಗೆ ಉಪಯೋಗ ಆಗಲಿ.

ಮೊದಲು ಅಜ್ಜಿ ಹತ್ರ ಕೂತ್ಕೊಳ್ಳಿ

ಛತ್ರ ನೋಡೋಕೂ ಮುಂಚೆ, ಪತ್ರಿಕೆ ಮಾಡಿಸೋಕೂ ಮುಂಚೆ ಒಂದು ನೋಟ್‌ಬುಕ್ ತಗೊಂಡು ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಹತ್ರ ಒಂದು ಮಧ್ಯಾಹ್ನ ಕೂತ್ಕೊಳ್ಳಿ. ಯಾವ ಶಾಸ್ತ್ರ ಯಾವಾಗ, ಅದಕ್ಕೆ ಏನೇನು ಸಾಮಾನು ಬೇಕು, ಯಾರ ಕೈಯಲ್ಲಿ ಮಾಡಿಸಬೇಕು, ಈ ಮೂರನ್ನೂ ಬರ್ಕೊಳ್ಳಿ. ನಮ್ಮಜ್ಜಿ ಹೇಳಿದ ಪಟ್ಟಿಯಲ್ಲಿ ಅರಿಶಿನ ಕುಟ್ಟೋದು, ಬಳೆ ತೊಡಿಸೋದು, ಚಪ್ಪರದ ಪೂಜೆ, ಕುಂಬಾರರ ಮನೆಯಿಂದ ಐರಣಿ ಮಡಕೆ, ಅಂದ್ರೆ ಮದುವೆ ಶಾಸ್ತ್ರಕ್ಕೆ ಇಡೋ ಮಡಕೆ, ತರೋದು ಎಲ್ಲ ಇತ್ತು, ಮತ್ತೆ ಸೋದರಮಾವ ಎಲ್ಲೆಲ್ಲಿ ನಿಲ್ಲಬೇಕು ಅನ್ನೋದೂ ಇತ್ತು, ಅದನ್ನ ಬರ್ಕೊಂಡಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಆ ಗಲಾಟೆಯಲ್ಲಿ ಅವರನ್ನ ಕರೆಯೋದೇ ಮರೀತಿದ್ವಿ.

ಇದೇ ಕೆಲಸ ಬೀಗರ ಕಡೆನೂ ಆಗ್ಬೇಕು. ನಾನು ಹುಡುಗನ ಅವ್ವನಿಗೆ ಫೋನ್ ಮಾಡಿ ಕೇಳಿದೆ. ಅವರಲ್ಲಿ ಸುರಿಗಿ ಇದೆ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ಸುತ್ತ ನೂಲು ಸುತ್ತಿ ಒಳಗೆ ಕೂರಿಸಿ ಎಣ್ಣೆ ಅರಿಶಿನ ಹಚ್ಚಿ ನೀರು ಹಾಕೋದು. ಒಡಪು, ಅಂದ್ರೆ ಪ್ರಾಸದ ಸಾಲಲ್ಲಿ ಗಂಡನ ಹೆಸರು ಸೇರಿಸಿ ಹೇಳೋದು ಇದೆ. ಎರಡೂ ನಮ್ಮಲ್ಲಿಲ್ಲ. ಹಾಗಾಗಿ ಕೂತು ಹಂಚ್ಕೊಂಡ್ವಿ: ಚಪ್ಪರದ ದಿನ ಪೂರ್ತಿ ನಮ್ಮ ಪದ್ಧತಿ, ಸುರಿಗಿ ಅವರ ಪದ್ಧತಿ, ಧಾರೆ ಎರಡೂ ಮನೆಯವರು ಒಪ್ಪಿದ ಹಾಗೆ. ಎರಡು ಸೀಮೆ ಸೇರೋ ಮದುವೆಯಲ್ಲಿ ಎಲ್ಲಾನೂ ಎಲ್ಲ ಹೊತ್ತಲ್ಲೂ ಕಲಸಬೇಡಿ, ಒಂದೊಂದು ಹೊತ್ತು ಒಂದೊಂದು ಮನೆಗೆ ಬಿಟ್ಟುಕೊಟ್ರೆ ಯಾರ ಸೊಗಡೂ ಹಾಳಾಗಲ್ಲ.

ದಿನ ಮತ್ತು ಜಾಗ

ಆಷಾಢ, ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆ ಇಟ್ಕೊಳ್ಳಲ್ಲ, ಅದಕ್ಕೇ ಉಳಿದ ಮುಹೂರ್ತಗಳಿಗೆ ಛತ್ರಗಳ ಮೇಲೆ ಎಲ್ಲರೂ ಒಟ್ಟಿಗೆ ಬೀಳ್ತಾರೆ. ದಿನ ನೋಡುವಾಗ ಹೂವಿನ ಲೆಕ್ಕಾನೂ ಇಟ್ಕೊಳ್ಳಿ. ಬೇಸಿಗೆಯಲ್ಲಿ ಮಲ್ಲಿಗೆ ಧಾರಾಳ, ಚಳಿಗಾಲದಲ್ಲಿ ಮೊಗ್ಗು ಕಮ್ಮಿ ಬರೋದ್ರಿಂದ ರೇಟು ಕೈಗೆ ಸಿಗಲ್ಲ, ಆಗ ಸೇವಂತಿಗೆ, ಕನಕಾಂಬರ ಇಟ್ಕೊಂಡು ಮಲ್ಲಿಗೆ ದಂಡೆ ಹೆಣ್ಣಿನ ಮುಡಿಗೆ ಮಾತ್ರ ಇಟ್ಕೊಂಡ್ರೆ ಸಾಕು.

ಜಾಗ ಅಂದ ತಕ್ಷಣ ರೆಸಾರ್ಟೇ ಆಗ್ಬೇಕಿಲ್ಲ. ಊರಲ್ಲಿ ಮನೆ ಮುಂದೆ ಅಂಗಳ ಇದ್ರೆ ಚಪ್ಪರದ ದಿನದ ಶಾಸ್ತ್ರನೆಲ್ಲ ಅಲ್ಲೇ ಮುಗಿಸಿ, ಧಾರೆಗೆ ಮಾತ್ರ ಛತ್ರ ಹಿಡೀರಿ, ಒಂದು ದಿನದ ಬಾಡಿಗೆನೂ ಉಳಿಯತ್ತೆ. ಮೇಲುಕೋಟೆ, ನಂಜನಗೂಡು ಥರದ ಕ್ಷೇತ್ರಗಳಲ್ಲಿ ಮಾಡೋರೂ ಇದ್ದಾರೆ. ಛತ್ರಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಈ ಪ್ರಶ್ನೆಗಳನ್ನ ಬಾಯಿಬಿಟ್ಟು ಕೇಳಿ, ಸಾಧ್ಯ ಆದ್ರೆ ರಸೀದಿ ಮೇಲೇ ಬರೆಸ್ಕೊಳ್ಳಿ: ನಮ್ಮ ಅಡುಗೆಯವರನ್ನ ನಾವೇ ಕರ್ಕೊಂಡು ಬರಬಹುದಾ, ಹಾಲ್ ಒಳಗೆ ಹೋಮ ಮಾಡಬಹುದಾ, ಬಾಗಿಲಲ್ಲಿ ಹಸಿರು ಚಪ್ಪರ ಹಾಕಬಹುದಾ, ಮುಂಚಿನ ದಿನ ಎಷ್ಟೊತ್ತಿಗೆ ಕೀಲಿ ಕೊಡ್ತಾರೆ, ಕರೆಂಟು ಮತ್ತು ಕ್ಲೀನಿಂಗ್ ಬಾಡಿಗೆಯಲ್ಲಿ ಸೇರಿದೆಯಾ. ನಾವು ಮೊದಲು ಹಿಡಿದ ಒಂದು ಹಾಲ್‌ನಲ್ಲಿ ಇದ್ಯಾವುದನ್ನೂ ಕೇಳಿರಲಿಲ್ಲ, ಅಡ್ವಾನ್ಸ್ ಕೊಟ್ಟಾದ ಮೇಲೆ ಕಂಬಕ್ಕೆ ಬಾಳೆಕಂದು ಕಟ್ಟೋ ಹಾಗಿಲ್ಲ, ಟೈಲ್ಸ್ ಹಾಳಾಗತ್ತೆ, ಹೋಮ ಹೊರಗಡೆ ಮಾಡ್ಕೊಳ್ಳಿ ಅಂದ್ರು. ಅಡ್ವಾನ್ಸ್‌ನಲ್ಲಿ ಅರ್ಧ ಬಿಟ್ಟು ಬೇರೆ ಛತ್ರ ನೋಡ್ಕೊಂಡ್ವಿ, ಆ ದುಡ್ಡಿನ ಸಂಕಟ ಇವತ್ತಿಗೂ ಇದೆ. ಇನ್ನೊಂದು ವಿಷಯ, ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮ ಇದೆ, ಆರ್ಕೆಸ್ಟ್ರಾ ಇಡೋರು ಟೈಮ್ ನೋಡ್ಕೊಂಡು ಇಡಿ.

ಚಪ್ಪರ, ಇದನ್ನ ಮಾತ್ರ ಬಿಡಬೇಡಿ

ಶಾಮಿಯಾನದವರು ಕಬ್ಬಿಣದ ಪೈಪ್ ನಿಲ್ಲಿಸಿ ಮೇಲೆ ಬಟ್ಟೆ ಕಟ್ಟಿ ಹೋಗ್ತೀವಿ ಅಂದ್ರು. ನಮ್ಮಜ್ಜಿ ಜಗುಲಿ ಮೇಲೆ ಕೂತವರು "ಪೈಪಿಗೆ ಅರಿಸಿಣ ಕುಂಕುಮ ಇಕ್ಕಿ ಚಪ್ಪರದ ಕಂಬ ಅನ್ನಕಾದದಾ ಮಗ" ಅಂತ ಕೇಳಿದ್ರು. ಅಲ್ಲಿಗೆ ತೀರ್ಮಾನ ಆಯ್ತು. ನೆರಳಿಗೆ ಶಾಮಿಯಾನ ಇರಲಿ, ಆದ್ರೆ ಮನೆ ಬಾಗಿಲ ಮುಂದೆ ಹತ್ತಡಿ ಅಗಲದ್ದಾದ್ರೂ ಹಸಿ ಚಪ್ಪರ ಹಾಕಿಸಿ. ಬಿದಿರು ಅಥವಾ ಸರ್ವೆ ಕಂಬ, ಮೇಲೆ ಹೆಣೆದ ತೆಂಗಿನ ಗರಿ, ಸುತ್ತ ಹೊಂಗೆ ಸೊಪ್ಪು, ಅಂಚಿಗೆ ಮಾವಿನ ತೋರಣ, ಎರಡು ಕಡೆ ಗೊನೆ ಇರೋ ಬಾಳೆಕಂದು, ಮಧ್ಯೆ ಹೊಂಬಾಳೆ. ಗರಿಯನ್ನ ಹಿಂದಿನ ದಿನ ಸಂಜೆ ಕಡಿಸಿ, ಎರಡು ದಿನ ಮುಂಚೆ ತಂದಿಟ್ರೆ ಬಾಡಿ ಬಣ್ಣ ಕೆಡತ್ತೆ. ಊರಲ್ಲಿ ಗರಿ ಹೆಣೆಯೋಕೆ ಬರೋರು ಈಗ ಕಮ್ಮಿ, ಅವರಿಗೆ ಮುಂಚೆನೇ ಹೇಳಿಟ್ಟಿರಿ, ಹುಡುಗರನ್ನ ಜೊತೆಗೆ ಕೂರಿಸಿ, ನಮ್ಮನೆ ಕಾಲೇಜು ಹುಡುಗರು ನಾಲ್ಕು ಜನ ಅವತ್ತೇ ಹೆಣೆಯೋದು ಕಲಿತ್ರು.

ನೀವು ಬೇರೆ ಸೀಮೆಯವರಾದ್ರೆ ನಿಮ್ಮದೇ ಅಲಂಕಾರ ಇದ್ದೇ ಇರತ್ತೆ. ಸಾಗರ, ಸೊರಬದ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೀತಾರೆ, ಗೆರೆ ಒಂದಿಷ್ಟೂ ಅಲುಗಿರಲ್ಲ, ಅದನ್ನ ಬರೆಯೋ ಹೆಣ್ಣುಮಕ್ಕಳನ್ನೇ ಕರೆಸಿ ಮಂಟಪದ ಹಿಂದೆ ಬರೆಸಿ, ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಬೇಡಿ. ಕರಾವಳಿಯವರಿಗೆ ಶಂಕರಪುರದ ಮಲ್ಲಿಗೆ ಇದೆ, ಮದುವೆಗೆ ಸ್ಯಾಕ್ಸೋಫೋನ್ ಊದಿಸೋ ರೂಢಿ ಇದೆ. ಕೊಡವರ ಮದುವೆಯಲ್ಲಿ ಪುರೋಹಿತರಿರಲ್ಲ, ಹಿರಿಯರೇ ಹರಸ್ತಾರೆ, ಬಾಳೆ ಕಡಿಯೋ ಗೌರವ ಇರತ್ತೆ. ಆ ಬಾಳೆ ಕಡಿಯೋದು ನೋಡೋಕೆ ಚೆನ್ನಾಗಿದೆ ಅಂತ ಬೇರೆಯವರು ತಂದು ಸ್ಟೇಜ್ ಮೇಲೆ ಆಟ ಮಾಡೋದನ್ನ ನೋಡಿದೀನಿ, ದಯವಿಟ್ಟು ಬೇಡ. ಅದು ಅವರ ಮನೆತನದ ಮರ್ಯಾದೆ.

ಹಾಡು ಮತ್ತು ವಾಲಗ

ವಾಲಗದವರನ್ನ ಗೊತ್ತು ಮಾಡುವಾಗ ಎಷ್ಟು ಜನ, ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನಕ ಅನ್ನೋದನ್ನ ಮಾತಾಡ್ಕೊಳ್ಳಿ, ಗಟ್ಟಿಮೇಳದ ಹೊತ್ತಿಗೆ ಡಿಜೆಯವರು ಸ್ಪೀಕರ್ ಪೂರ್ತಿ ಆಫ್ ಮಾಡಿರಬೇಕು ಅಂತ ಇಬ್ಬರಿಗೂ ಹೇಳಿ. ಅದಕ್ಕಿಂತ ಮುಖ್ಯ ಸೋಬಾನೆ ಪದ. ಅರಿಶಿನ ಕುಟ್ಟುವಾಗ ಒಂದು, ಸೋದರಮಾವನನ್ನ ಕರೆಯುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು ಅಂತ ಪದಗಳಿವೆ, ಬರೋರು ಊರಿಗೆ ಇಬ್ಬರೋ ಮೂವರೋ ಉಳಿದಿದ್ದಾರೆ. ನಮ್ಮ ಬೀದಿಯಲ್ಲಿ ಹಾಡೋ ಒಬ್ಬ ಅಜ್ಜಿಗೆ ವಾರ ಮುಂಚೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆದ್ವಿ, ಕೂರೋಕೆ ಚಾಪೆ ಹಾಕಿ ಒಂದು ಸಣ್ಣ ಮೈಕು ಕೊಟ್ವಿ, ಮೊದಲು ಬೇಡ ಅಂದ್ರು, ಆಮೇಲೆ ಒನಕೆ ಏಳೋ ಬೀಳೋ ಸದ್ದಿಗೆ ತಾಳ ಹಿಡಿದು ಹಾಡೋಕೆ ಶುರು ಮಾಡಿದ್ರೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೋರೆಲ್ಲ ಈಳಿಗೆ ಮಣೆ ಬಿಟ್ಟು ಅಂಗಳಕ್ಕೆ ಬಂದ್ರು. ರೆಕಾರ್ಡ್ ಮಾಡ್ಕೊಳ್ಳಿ. ಹಾಡಿದವರಿಗೆ ಸೀರೆ, ಕುಪ್ಪಸದ ಕಣ, ಕಾಣಿಕೆ ಕೊಟ್ಟು ಊಟ ಮಾಡಿಸಿ ಮನೆ ತನಕ ಬಿಟ್ಟು ಬನ್ನಿ.

ಒಡಪಿಗೆ ಹೆಣ್ಣನ್ನ ಮುಂಚೆನೇ ತಯಾರು ಮಾಡಿ. ನಮ್ಮ ಹುಡುಗಿಗೆ ಅದು ಹೊಸದು, ಹುಡುಗನ ಅಕ್ಕ ಫೋನಲ್ಲೇ ಕೂರಿಸಿ ಒಂದು ಕಟ್ಟಿ ಕೊಟ್ರು: "ಅಂಗಳಕ ಚಂದ ರಂಗೋಲಿ ಎಳಿ, ಕೈಗೆ ಚಂದ ಹಸರ ಬಳಿ, ನಮ್ಮ ರಾಯರು ಬಂದ್ರ ಮನಿಗೆಲ್ಲ ಕಳಿ." ರಾಯರು ಅನ್ನೋ ಜಾಗದಲ್ಲಿ ಗಂಡನ ಹೆಸರು ಸೇರಿಸ್ಕೊಳ್ಳೋದು. ಮಂಡ್ಯದ ಹುಡುಗಿ ಬಾಯಲ್ಲಿ ಧಾರವಾಡದ ಮಾತು ಕೇಳಿ ಬೀಗರ ಕಡೆ ಹೆಂಗಸರು ಇನ್ನೊಂದು ಹೇಳವ್ವ ಅಂತ ಬಿಡಲೇ ಇಲ್ಲ.

ಬಟ್ಟೆ

ಧಾರೆ ಸೀರೆ ನಮ್ಮ ಕಡೆ ಬಿಳಿ ಅಥವಾ ಕೆನೆ ಬಣ್ಣ, ಕೆಂಪು ಅಂಚು. ರೇಷ್ಮೆಗೆ ಮೈಸೂರು ಸಿಲ್ಕ್ ಇದೆ, ಆ ಕಾರ್ಖಾನೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದು, ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸತ್ತೆ, ಅವರ ಮಳಿಗೆಯಲ್ಲೇ ತಗೊಂಡ್ರೆ ಅಸಲಿ ನಕಲಿ ತಲೆನೋವಿಲ್ಲ, ಆದ್ರೆ ಸ್ಟಾಕ್ ಬಂದ ದಿನವೇ ಖಾಲಿ ಆಗೋದೂ ಇದೆ, ಕೊನೆ ವಾರಕ್ಕೆ ಇಟ್ಕೋಬೇಡಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀರೆನೂ ನೋಡಿ. ಬೀಗರು ತಂದಿದ್ದು ಇಳಕಲ್, ಕೆಂಪು ಸೆರಗಲ್ಲಿ ಬಿಳಿ ವಿನ್ಯಾಸ ಇರೋ ಟೋಪ್ ತೆನಿ, ಮೈಮೇಲೆ ಕಸೂತಿ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಕೈ ಕಸೂತಿ ಆದ್ರೆ ತಿಂಗಳುಗಟ್ಟಲೆ ಹಿಡಿಯತ್ತೆ, ನಿಶ್ಚಿತಾರ್ಥ ಆದ ವಾರದಲ್ಲೇ ಆರ್ಡರ್ ಕೊಡಿ. ಗಂಡಿಗೆ ಜರಿ ಪಂಚೆ, ಶಲ್ಯ, ಮೈಸೂರು ಪೇಟ, ಬಾಸಿಂಗ.

ಊಟ

ಅಡುಗೆಯವರ ಜೊತೆ ಮಾತು ಎರಡು ಥರ ಆಗತ್ತೆ. ಒಂದು ಎಲೆ ಲೆಕ್ಕ, ಇಷ್ಟು ಎಲೆಗೆ ಇಷ್ಟು ಅಂತ. ಇನ್ನೊಂದು, ಸಾಮಾನು ನಾವೇ ತಂದುಕೊಡೋದು, ಅವರಿಗೆ ಅಡುಗೆ ಕೂಲಿ ಮಾತ್ರ. ಎಲೆ ಲೆಕ್ಕ ಆದ್ರೆ ಪ್ರತಿ ಪಂಕ್ತಿ ಎದ್ದ ಮೇಲೆ ಎಣಿಸೋಕೆ ಮನೆಯವರೊಬ್ಬರನ್ನ ನಿಲ್ಲಿಸಲೇಬೇಕು, ಆಮೇಲೆ ಎಣಿಸ್ತೀವಿ ಅಂದ್ರೆ ಆಗಲ್ಲ. ಸಾಮಾನು ನಮ್ಮದಾದ್ರೆ ಅಕ್ಕಿ, ಬೇಳೆ, ತೆಂಗಿನಕಾಯಿ, ಬೆಲ್ಲ ಮಂಡ್ಯ ಕಡೆ ಊರಲ್ಲೇ ಸಿಗತ್ತೆ, ನಾವು ಹಾಗೇ ಮಾಡಿದ್ವಿ, ಬೆಲ್ಲ ಆಲೆಮನೆಯಿಂದಲೇ ತಂದ್ವಿ, ಒಬ್ಬಟ್ಟಿನ ಹೂರಣದ ಘಮದಲ್ಲೇ ಅದು ಗೊತ್ತಾಗ್ತಿತ್ತು.

ಐಟಂ ಜಾಸ್ತಿ ಇದ್ರೆ ಊಟ ದೊಡ್ಡದು ಅಂತಲ್ಲ. ಎರಡು ಕೋಸಂಬರಿ, ಎರಡು ಪಲ್ಯ, ಒಂದು ಗೊಜ್ಜು, ಪುಳಿಯೋಗರೆ, ಹುಳಿ, ತಿಳಿಸಾರು, ಕಾಯಿ ಒಬ್ಬಟ್ಟು, ಚಿರೋಟಿಗೆ ಬಾದಾಮಿ ಹಾಲು, ಪಾಯಸ, ಮಜ್ಜಿಗೆ. ಬೀಗರಿಗಾಗಿ ಹಿಂದಿನ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು ಇಟ್ಟಿದ್ವಿ, ಅಷ್ಟು ದೂರದಿಂದ ಬಸ್ಸಲ್ಲಿ ಬಂದವರು ರೊಟ್ಟಿ ನೋಡಿ ಎಷ್ಟು ಖುಷಿಪಟ್ರು ಅಂದ್ರೆ ಮಾರನೇ ದಿನದ ಒಬ್ಬಟ್ಟಿಗಿಂತ ಅದನ್ನೇ ಇವತ್ತಿಗೂ ನೆನೆಸ್ಕೋತಾರೆ. ಬಡಿಸೋ ಹುಡುಗರಿಗೆ ಎಲೆಯ ತುದಿ ಊಟ ಮಾಡೋರ ಎಡಕ್ಕೆ ಬರಬೇಕು ಅಂತ ಹೇಳಿಕೊಡಿ. ಬಾಡೂಟ ಮಾಡೋ ಮನೆಯವರು ಅದನ್ನ ಬೀಗರೂಟದ ದಿನಕ್ಕೇ ಇಟ್ಕೊಳ್ಳಿ, ಮುದ್ದೆ, ಬಾಡು ಸಾರು, ಬೋಟಿ ಗೊಜ್ಜು ಅವಸರದಲ್ಲಿ ಉಣ್ಣೋ ಊಟ ಅಲ್ಲ.

ತಾಂಬೂಲ

ಬಂದವರ ಕೈಗೆ ಕೊಡೋದನ್ನ ಕೊನೆಗೆ ಯೋಚನೆ ಮಾಡಿ ಪ್ಲಾಸ್ಟಿಕ್ ಡಬ್ಬಿ ಹಂಚೋದು ಅಭ್ಯಾಸ ಆಗಿಬಿಟ್ಟಿದೆ. ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟ, ಫ್ಲೆಕ್ಸ್ ಎಲ್ಲ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಹಾಗಾಗಿ ತಾಂಬೂಲಕ್ಕೆ ಬಟ್ಟೆ ಚೀಲ ಹೊಲಿಸಿ. ಒಳಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇರಲೇಬೇಕು, ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತು ಇದೆ, ಎಳೆಯದು ನೋಡಿ ತನ್ನಿ. ಅದರ ಜೊತೆ ಒಂದೇ ಒಂದು ವಸ್ತು, ಉಳಿಯೋ ಅಂಥದ್ದು.

ನಾವು ಆರಿಸಿದ್ದು ಚನ್ನಪಟ್ಟಣದ ಮರದ ಕುಂಕುಮ ಭರಣಿ. ಬೆಂಗಳೂರು ಮೈಸೂರು ರೋಡಲ್ಲೇ ಇರೋ ಊರು, ನಮಗೆ ಒಂದು ಗಂಟೆ ದಾರಿ. ಮಾಡೋದನ್ನ ಅಲ್ಲೇ ನಿಂತು ನೋಡಿದ್ವಿ. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರ್ರಂತ ತಿರುಗ್ತಿರತ್ತೆ, ಉಳಿ ಹಿಡಿದ್ರೆ ಬಿಳೀ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳತ್ತೆ, ಆಕಾರ ಬಂದ ಮೇಲೆ ಬಣ್ಣ ಸೇರಿಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ತಿರುಗೋ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟತ್ತೆ, ಆಮೇಲೆ ತಾಳೆ ಗರಿಯಿಂದ ಒತ್ತಿ ಉಜ್ಜಿದ್ರೆ ಕನ್ನಡಿ ಥರ ಹೊಳಪು. ಕೈಗೆ ತಗೊಂಡಾಗ ಇನ್ನೂ ಬೆಚ್ಚಗಿತ್ತು. ಪೇಂಟ್ ವಾಸನೆ ಬಂದ್ರೆ ಅದು ಅರಗಿನ ಕೆಲಸ ಅಲ್ಲ ಅಂತ ತಿಳ್ಕೊಳ್ಳಿ. ಐನೂರು ಭರಣಿ ಅಂದ್ರೆ ಒಂದೆರಡು ವಾರದ ಕೆಲಸ ಅಲ್ಲ, ನಾವು ಎರಡು ತಿಂಗಳು ಮುಂಚೆ ಹೇಳಿ, ಮೊದಲು ಒಂದು ಸ್ಯಾಂಪಲ್ ಮಾಡಿಸಿ ಮುಚ್ಚಳ ಬಿಗಿಯಾಗಿ ಕೂರತ್ತಾ ಅಂತ ನೋಡಿ, ಆಮೇಲೆ ಪೂರ್ತಿ ದುಡ್ಡಿನ ಮಾತಾಡಿದ್ವಿ. ಚೌಕಾಸಿ ಜಾಸ್ತಿ ಮಾಡಬೇಡಿ, ಅದು ಕೈಕೆಲಸ.

ಬಜೆಟ್ ಕಮ್ಮಿ ಇದ್ರೆ ಮೈಸೂರು ಸ್ಯಾಂಡಲ್ ಸೋಪು, ಒಂದು ಕಟ್ಟು ಮೈಸೂರು ಊದುಬತ್ತಿ, ಇಲ್ಲಾ ನರ್ಸರಿಯಿಂದ ಮಲ್ಲಿಗೆ ಸಸಿ ಕೊಡಿ. ಧಾರವಾಡದ ಬೀಗರು ಪೇಡೆ ಬಾಕ್ಸ್ ತಂದಿದ್ರು, ಅದನ್ನ ನಮ್ಮ ಚೀಲಕ್ಕೇ ಸೇರಿಸಿ ಕೊಟ್ವಿ.

ಉಳಿದ ಒಂದೆರಡು ಕೆಲಸ

ಪತ್ರಿಕೆ ಕನ್ನಡದಲ್ಲೇ ಮಾಡಿಸಿ, ಪ್ರೂಫ್ ಇಬ್ಬರು ಓದಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮೊದಲನೇದು ಮನೆದೇವರಿಗೆ ಇಡಿ. ಹಳೇ ಸ್ಮಾರಕಗಳಲ್ಲಿ ಫೋಟೋ ಶೂಟ್ ಮಾಡೋರು ಅನುಮತಿ ಮೊದಲೇ ಕೇಳಿ. ಮದುವೆಯಾದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸೋಕೆ ಪತ್ರಿಕೆ, ಧಾರೆಯ ಫೋಟೋ, ಇಬ್ಬರ ವಯಸ್ಸಿನ ದಾಖಲೆ ಒಂದು ಫೈಲಲ್ಲಿ ಎತ್ತಿಡಿ.

ಚಪ್ಪರ ಬಿಚ್ಚಿದ ಮೇಲೆ ಸೊಪ್ಪು ಗರಿ ಎಲ್ಲ ತಿಪ್ಪೆಗೆ ಹಾಕಿಸಿ, ಗೊಬ್ಬರ ಆಗತ್ತೆ. ಬಾಳೆಕಂದನ್ನ ಗೆಡ್ಡೆ ಸಮೇತ ಕೀಳಿಸಿ ತಂದಿದ್ರೆ ಬಿಸಾಡಬೇಡಿ, ನಾವು ಹಿತ್ತಲಲ್ಲಿ ಬಚ್ಚಲ ನೀರು ಹೋಗೋ ಕಡೆ ಗುಂಡಿ ತೆಗೆದು ಎರಡನ್ನೂ ಇಟ್ವಿ, ಒಂದು ಹೋಯ್ತು, ಇನ್ನೊಂದರ ಬುಡದಲ್ಲಿ ಈಗ ಮೂರು ಮರಿ ಎದ್ದಿವೆ.