ತೂಕ ಇಳಿಸುವ ಆಪರೇಷನ್: ಬೇಕಾ, ಬೇಡ್ವಾ, ಬೇಕಿದ್ದರೆ ಯಾವುದು?

ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ವಿಚಾರಿಸಲು ಹೋಗುವವರ ಬಾಯಲ್ಲಿ ಮೊದಲು ಬರುವುದು ಎರಡು ಪ್ರಶ್ನೆ. ಎಷ್ಟು ಕೆಜಿ ಇಳಿಯುತ್ತೆ? ಎಷ್ಟು ಖರ್ಚಾಗುತ್ತೆ? ಕೇಳಲೇಬೇಕಾದ ಪ್ರಶ್ನೆಗಳೇ, ಆದರೆ ತೀರ್ಮಾನ ನಿಲ್ಲಬೇಕಾದದ್ದು ಇವುಗಳ ಮೇಲಲ್ಲ. ತೂಕದ ಜೊತೆ ನಿಮಗೆ ಇನ್ಯಾವ ಕಾಯಿಲೆ ಇದೆ, ಎದೆಯುರಿ ಇದೆಯಾ, ದಿನಾ ಯಾವ ಮಾತ್ರೆ ನುಂಗುತ್ತೀರಿ, ಆಪರೇಷನ್ ಆದ ಮೇಲೆ ಜೀವನಪೂರ್ತಿ ಏನೇನು ಪಾಲಿಸಲು ನಿಮ್ಮಿಂದ ಸಾಧ್ಯ, ಇವಕ್ಕೆ ನೇರವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧಕ್ಕಿಂತ ಜಾಸ್ತಿ ಗೊಂದಲ ಅಲ್ಲೇ ಕಳೆಯುತ್ತದೆ.

ನಾನು ಡಾಕ್ಟರ್ ಅಲ್ಲ. ನಮ್ಮ ಅಕ್ಕನಿಗೆ ಬೈಪಾಸ್ ಆಗಿದೆ, ಹೃದಯದ್ದಲ್ಲ, ತೂಕ ಇಳಿಸಲು ಹೊಟ್ಟೆಗೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸ್. ಅವಳ ಜೊತೆ ಆಸ್ಪತ್ರೆ ಸುತ್ತುವಾಗ, ಆಮೇಲೆ ಅವಳನ್ನು ನೋಡಿ ವಿಚಾರಿಸಲು ಬಂದವರ ಜೊತೆ ಮಾತಾಡುವಾಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಲೈಪೊಸಕ್ಷನ್ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರು. ಅವತ್ತಿಂದ ಮನೆಯಲ್ಲಿ ತೂಕದ ಆಪರೇಷನ್ ಅಂದರೆ ಸಾಕು, ದೊಡ್ಡವರು ಬೇಡವೇ ಬೇಡ ಅನ್ನುತ್ತಾರೆ. ಅದು ಅಂದ ತಿದ್ದಲು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ ಕೆಲಸ. ನಾವು ಮಾತಾಡುತ್ತಿರುವುದು ಹೊಟ್ಟೆ ಮತ್ತು ಕರುಳಿನ ಮೇಲೆ ಮಾಡುವ ಆಪರೇಷನ್. ಇದರಿಂದ ಹಸಿವಿನ ಹಾರ್ಮೋನುಗಳೇ ಬದಲಾಗುತ್ತವೆ, ಶುಗರ್, ಬಿಪಿ ಇಳಿಯುತ್ತವೆ. ನಾಲ್ಕೈದು ಕೆಜಿ ಇಳಿಸಿ ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅನ್ನುವವರಿಗೆ ಇದು ಖಂಡಿತ ಅಲ್ಲ.

ನೀವು ಯಾವ ಲೆಕ್ಕದಲ್ಲಿದ್ದೀರಿ ನೋಡಿ

ತೂಕವನ್ನು ಕೆಜಿಯಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ಬರೆದು, ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಐದು ಅಡಿ ಮೂರಿಂಚು, ಅಂದರೆ 160 ಸೆಂಟಿಮೀಟರ್ ಎತ್ತರ ಇರುವವರಿಗೆ 70 ಕೆಜಿ ಅಂದರೆ ಸುಮಾರು 27.5, 77 ಕೆಜಿ ಅಂದರೆ 30, 90 ಕೆಜಿ ಅಂದರೆ 35, 102 ಕೆಜಿ ಅಂದರೆ 40.

ಎಷ್ಟು ಬಿಎಂಐ ಇದ್ದವರಿಗೆ ಆಪರೇಷನ್ ಅಂತ 1991ರಲ್ಲಿ ಅಮೆರಿಕದಲ್ಲಿ ಹಾಕಿದ ಗೆರೆ ಬಹಳ ವರ್ಷ ಎಲ್ಲ ಕಡೆ ನಡೆಯಿತು. 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಶುಗರ್, ಬಿಪಿ ಥರದ ಕಾಯಿಲೆ ಇರಬೇಕು. 2022ರಲ್ಲಿ ಈ ಆಪರೇಷನ್ ಮಾಡುವ ಸರ್ಜನ್‌ಗಳ ಅಮೆರಿಕದ ಸಂಘ ಮತ್ತು ಜಾಗತಿಕ ಒಕ್ಕೂಟ ಸೇರಿ ಗೆರೆಯನ್ನು ಕೆಳಗಿಳಿಸಿದವು. 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಸಲಹೆ ಕೊಡಬಹುದು, 30 ದಾಟಿ ಟೈಪ್ 2 ಶುಗರ್ ಇರುವವರಿಗೂ ಕೊಡಬಹುದು. ಏಷ್ಯಾದವರಿಗೆ ಈ ಅಂಕಿಗಳು ಇನ್ನೂ ಕಡಿಮೆ, 27.5ರಿಂದಲೇ ಯೋಚಿಸಬಹುದು. ನಮ್ಮವರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಜಾಸ್ತಿ ಕೂರುತ್ತದೆ, ಶುಗರ್ ಕಡಿಮೆ ತೂಕದಲ್ಲೇ ಶುರುವಾಗುತ್ತದೆ, ಅದಕ್ಕೆ.

ಇಲ್ಲಿ ಒಂದು ಎಚ್ಚರಿಕೆ. ಇನ್ಶೂರೆನ್ಸ್ ಕಂಪನಿಗಳು ಇನ್ನೂ ಹಳೇ ಗೆರೆಯಲ್ಲೇ ಇವೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಷರತ್ತಿನ ಪ್ರಕಾರ ವಯಸ್ಸು 18 ದಾಟಿರಬೇಕು. ಬಿಎಂಐ 40 ಇರಬೇಕು, ಅಥವಾ 35ರ ಜೊತೆಗೆ ಹೃದಯದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹತೋಟಿಗೆ ಬಾರದ ಟೈಪ್ 2 ಶುಗರ್ ಇಂಥದ್ದೇನಾದರೂ ಇರಬೇಕು. ಊಟ, ವ್ಯಾಯಾಮ, ಔಷಧಿ ಮಾಡಿ ನೋಡಿಯೂ ಇಳಿದಿಲ್ಲ ಅನ್ನುವುದಕ್ಕೆ ದಾಖಲೆ ಬೇಕು. ಹಾಗಾಗಿ 33 ಬಿಎಂಐ ಇರುವವರಿಗೆ ಸರ್ಜನ್ ಸರಿ ಅಂದರೂ ಇನ್ಶೂರೆನ್ಸ್ ಇಲ್ಲ ಅನ್ನಬಹುದು. ಪಾಲಿಸಿಯಲ್ಲಿ ಕಾಯಬೇಕಾದ ಅವಧಿ ಬೇರೆ ಇರುತ್ತದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೆಲವು ಲಕ್ಷಗಳ ಮಾತು, ಆದ್ದರಿಂದ ತಾರೀಖು ಗೊತ್ತು ಮಾಡುವ ಮೊದಲೇ ಲಿಖಿತ ಒಪ್ಪಿಗೆ ತಗೊಳ್ಳಿ.

ಬೇಕಾ ಅನ್ನುವುದು

ಬಿಎಂಐ ಒಂದೇ ನೋಡಬೇಡಿ. ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಎಚ್ಚರ ಆಗುತ್ತದೆ, ಮಂಡಿ ಮೆಟ್ಟಿಲು ಹತ್ತಲು ಬಿಡುತ್ತಿಲ್ಲ, ಫ್ಯಾಟಿ ಲಿವರ್ ಜಾಸ್ತಿಯಾಗುತ್ತಿದೆ, ಪಿಸಿಓಡಿಯಿಂದ ಮುಟ್ಟು ಏರುಪೇರಾಗಿದೆ, ಇಂಥವು ಇದ್ದರೆ ಆಪರೇಷನ್ನಿಂದ ಆಗುವ ಲಾಭದ ತೂಕ ಹೆಚ್ಚು. ಶುಗರ್ ಇದ್ದವರಿಗಂತೂ ಸಮಯ ಮುಖ್ಯ. ಶುಗರ್ ಬಂದು ನಾಲ್ಕೈದು ವರ್ಷದೊಳಗೆ, ಇನ್ಸುಲಿನ್ ಶುರುವಾಗುವ ಮೊದಲು ಮಾಡಿಸಿದವರಲ್ಲಿ ಮಾತ್ರೆಯೇ ಬೇಡವಾಗುವ ಸಾಧ್ಯತೆ ಜಾಸ್ತಿ. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ಡೋಸ್ ಇಳಿಯಬಹುದು, ಪೂರ್ತಿ ಬಿಡುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರೆ ನಿಮ್ಮ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಶಕ್ತಿ ಇನ್ನೂ ಎಷ್ಟು ಉಳಿದಿದೆ ಅನ್ನುವ ಅಂದಾಜು ಸಿಗುತ್ತದೆ.

ಸದ್ಯಕ್ಕೆ ಬೇಡ ಅನ್ನಬೇಕಾದ ಸಂದರ್ಭಗಳೂ ಇವೆ. ಒಂದು ಒಂದೂವರೆ ವರ್ಷದಲ್ಲಿ ಮಗು ಬೇಕು ಅಂತಿದ್ದರೆ, ಎರಡರಲ್ಲಿ ಯಾವುದು ಮೊದಲು ಅಂತ ಡಾಕ್ಟರ್ ಹತ್ತಿರ ಕೂತು ಮಾತಾಡಿ, ಯಾಕೆಂದರೆ ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು. (ತೂಕ ಇಳಿದಂತೆ ಪಿಸಿಓಡಿ ಇದ್ದವರಿಗೆ ಬೇಗ ಗರ್ಭ ನಿಲ್ಲುತ್ತದೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹತ್ತದೆ ಇರಬಹುದು. ಈ ವಿಷಯ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.) ಕುಡಿತ ಜಾಸ್ತಿ ಇದ್ದರೆ ಬೇಡ. ಆಪರೇಷನ್ ನಂತರ ಸ್ವಲ್ಪ ಕುಡಿದರೂ ಬೇಗ ಏರುತ್ತದೆ, ಚಟ ಹೊಸದಾಗಿ ಅಂಟುವ ಭಯವೂ ಇದೆ. ಬೀಡಿ, ಸಿಗರೇಟ್ ಬಿಡದೆ ಬೈಪಾಸ್‌ಗೆ ಹೋಗಲೇಬಾರದು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೇಜಾರಾದಾಗೆಲ್ಲ ತಡೆಯಲಾಗದೆ ತಿನ್ನುವ ಅಭ್ಯಾಸ ಇದ್ದರೆ ಮೊದಲು ಅದಕ್ಕೆ ಕೌನ್ಸೆಲಿಂಗ್ ತಗೊಳ್ಳಿ. ಹೊಟ್ಟೆ ಚಿಕ್ಕದಾದರೂ ಮನಸ್ಸಿನ ಆ ಹಸಿವು ಹಾಗೇ ಇರುತ್ತದೆ.

ಇನ್ನು ತೂಕ ಇಳಿಸುವ ಇಂಜೆಕ್ಷನ್. ಮೌಂಜಾರೊ ಮತ್ತು ವೆಗೋವಿ ಎರಡೂ 2025ರಲ್ಲಿ ಭಾರತಕ್ಕೆ ಬಂದವು. ದೊಡ್ಡ ಪರೀಕ್ಷೆಗಳಲ್ಲಿ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನಿಂದ ದೇಹದ ತೂಕದ ಶೇ. 15ರಷ್ಟು, ಮೌಂಜಾರೊದ ದೊಡ್ಡ ಡೋಸ್‌ನಿಂದ ಶೇ. 20ರ ಆಸುಪಾಸು ಇಳಿಯಿತು. ಆಪರೇಷನ್ನಿಂದ ಒಂದೆರಡು ವರ್ಷದಲ್ಲಿ ಶೇ. 25ರಿಂದ 30 ಇಳಿಯುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ತೂಕದ ಬಹುಪಾಲು ವಾಪಸ್ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬಿಎಂಐ 30ರ ಹತ್ತಿರ ಇರುವವರು ಮೊದಲು ಇದನ್ನು ಡಾಕ್ಟರ್ ಕೈಕೆಳಗೆ ನೋಡಲಿ. 42, 45 ಇದ್ದು ಶುಗರ್ರೂ ಇರುವವರು ಇಂಜೆಕ್ಷನ್ ನೆಪದಲ್ಲಿ ವರ್ಷಗಟ್ಟಲೆ ಆಪರೇಷನ್ ಮುಂದೂಡುವುದು ಒಳ್ಳೆಯದಲ್ಲ.

ಯಾವುದು ಅನ್ನುವುದು

ಇದಕ್ಕೆ ಮೊದಲು ಎಂಡೋಸ್ಕೋಪಿ ಮಾಡಿಸಿ. ಎಂಡೋಸ್ಕೋಪಿ ಇಲ್ಲದೆಯೇ ನಿಮಗೆ ಸ್ಲೀವ್ ಸಾಕು ಅಂತ ಪ್ಯಾಕೇಜ್ ರೇಟು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಯುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಜಾಸ್ತಿ ತಯಾರಾಗುವ ಭಾಗ ಹೋಗುವುದರಿಂದ ಹಸಿವೂ ಕಡಿಮೆ. ತೆಗೆದದ್ದನ್ನು ವಾಪಸ್ ಇಡಲು ಆಗುವುದಿಲ್ಲ, ಅದು ನೆನಪಿರಲಿ. ಇದರ ದೊಡ್ಡ ತೊಂದರೆ ಎದೆಯುರಿ. ಸ್ವಿಟ್ಜರ್ಲೆಂಡಿನಲ್ಲಿ ಸ್ಲೀವ್ ಮತ್ತು ಬೈಪಾಸ್ ಎರಡನ್ನೂ ಹೋಲಿಸಿ ಐದು ವರ್ಷ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೂಕ ಇಳಿದದ್ದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಎದೆಯುರಿ ಉಲ್ಬಣಿಸಿದ್ದು ಸ್ಲೀವ್‌ನಲ್ಲಿ ಸುಮಾರು ಶೇ. 32, ಬೈಪಾಸ್‌ನಲ್ಲಿ ಶೇ. 6 ಮಾತ್ರ. ಈಗಾಗಲೇ ದಿನಾ ಹುಳಿತೇಗು ಬಂದು ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೀರಾ? ಹಾಗಾದರೆ ಸ್ಲೀವ್ ನಿಮಗಲ್ಲ ಅಂತಲೇ ಶುರು ಮಾಡಿ.

ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ 30 ಎಂಎಲ್‌ನಷ್ಟು ಚಿಕ್ಕ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಊಟ ಅದರೊಳಗೆ ಹೋಗುವುದಿಲ್ಲ. ಶುಗರ್ ಮತ್ತು ಎದೆಯುರಿ ಎರಡೂ ಇದ್ದವರಿಗೆ ಇದೇ ಮೇಲು. ಬದಲಿಗೆ ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜೀವನಪೂರ್ತಿ ಮಾತ್ರೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಸಿಹಿ ತಿಂದರೆ ಎದೆ ಡವಡವ, ಬೆವರು, ಭೇದಿ ಆಗಬಹುದು, ಇದನ್ನು ಡಂಪಿಂಗ್ ಅನ್ನುತ್ತಾರೆ. ಮತ್ತೊಂದು, ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ಮತ್ತೆ ಮುಟ್ಟಬಾರದು. ಸಂಧಿವಾತಕ್ಕೆ ಆ ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಬೈಪಾಸ್‌ಗಿಂತ ಸ್ಲೀವ್ ಕಡೆ ಯೋಚಿಸಬೇಕಾಗುತ್ತದೆ. ಒಳಗೇ ಉಳಿದ ಹೊಟ್ಟೆಯನ್ನು ಆಮೇಲೆ ಸಾಮಾನ್ಯ ಎಂಡೋಸ್ಕೋಪಿಯಲ್ಲಿ ನೋಡಲು ಆಗುವುದಿಲ್ಲ, ಹಾಗಾಗಿ ಮನೆತನದಲ್ಲಿ ಹೊಟ್ಟೆ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿಬಿಡಿ.

ಮಿನಿ ಬೈಪಾಸ್ ನಮ್ಮ ದೇಶದಲ್ಲಿ ಚೆನ್ನಾಗಿ ನಡೆಯುತ್ತದೆ. ಬೈಪಾಸ್‌ನಲ್ಲಿ ಎರಡು ಕಡೆ ಜೋಡಿಸಿದರೆ ಇದರಲ್ಲಿ ಒಂದೇ ಕಡೆ, ಸಮಯ ಕಡಿಮೆ, ತೂಕ ಮತ್ತು ಶುಗರ್ ಚೆನ್ನಾಗಿ ಇಳಿಯುತ್ತವೆ. ಹೆಸರಲ್ಲಿ ಮಿನಿ ಇದೆ ಅಂತ ಚಿಕ್ಕ ಆಪರೇಷನ್ ಅಂದುಕೊಳ್ಳಬೇಡಿ. ಸಣ್ಣ ಕರುಳಿನ ಉದ್ದನೆಯ ಭಾಗವನ್ನು ಬಿಟ್ಟು ಮುಂದೆ ಜೋಡಿಸುವುದರಿಂದ ಪ್ರೋಟೀನ್ ಕೊರತೆ ಆಗುವ ಭಯ ಇದೆ, ಪಿತ್ತ ಮೇಲೆ ಬರುವುದೂ ಉಂಟು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು ಈ ಪ್ರೋಟೀನ್ ವಿಷಯವನ್ನು ಸರ್ಜನ್ ಹತ್ತಿರ ಒತ್ತಿ ಕೇಳಲೇಬೇಕು. ಹೊಟ್ಟೆಯ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ, ಅಂದರೆ ಗ್ಯಾಸ್ಟ್ರಿಕ್ ಬ್ಯಾಂಡ್, ಈಗ ಹೆಚ್ಚುಕಡಿಮೆ ಯಾರೂ ಹಾಕುವುದಿಲ್ಲ. ಹೊಟ್ಟೆಯೊಳಗೆ ಇಡುವ ಬಲೂನ್ ಕೆಲವು ತಿಂಗಳ ಮಟ್ಟಿಗೆ ಮಾತ್ರ.

ಆಮೇಲಿನ ಊಟ ಹೇಗಿರುತ್ತದೆ

ತೀರ್ಮಾನ ಮಾಡುವ ಮೊದಲು ಆಪರೇಷನ್ ಆದವರ ಮನೆಗೆ ಹೋಗಿ ಒಂದು ಹೊತ್ತು ಅವರ ಜೊತೆ ಊಟಕ್ಕೆ ಕೂತುಕೊಳ್ಳಿ. ನಮ್ಮ ಅಕ್ಕ ಮದ್ದೂರಿನ ಸೊಸೆ, ಆ ಮನೆಯಲ್ಲಿ ಮುದ್ದೆ ಇಲ್ಲದ ದಿನ ಇಲ್ಲ. ಡಯಟಿಷಿಯನ್ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು ಅಂದರು. ಮುದ್ದೆಯನ್ನು ಯಾರು ಅಗಿಯುತ್ತಾರೆ? ನುಂಗುವುದೇ ಅದರ ರೀತಿ. ಅಭ್ಯಾಸಬಲದಿಂದ ಒಂದು ತುತ್ತು ಸಾರಲ್ಲಿ ಅದ್ದಿ ನುಂಗಿದಳು, ಅದು ಎದೆಯ ನಡುವೆ ನಿಂತಿತು. ಕೈಯಲ್ಲಿ ಎದೆ ಒತ್ತಿ ಹಿಡಿದು, ಬಾಯಲ್ಲಿ ನೊರೆನೊರೆ ಉಗುಳು ತುಂಬಿ, ಅದು ಹೊರಗೆ ಬರುವವರೆಗೆ ಹಿತ್ತಲಲ್ಲಿ ಬಗ್ಗಿ ನಿಂತಿದ್ದಳು. ಈಗ ರಾಗಿಯನ್ನು ತೆಳ್ಳಗೆ ಅಂಬಲಿ ಮಾಡಿಕೊಳ್ಳುತ್ತಾಳೆ. ಊಟ ಮಗುವಿನ ಬಟ್ಟಲಲ್ಲಿ, ಸಣ್ಣ ಚಮಚದಲ್ಲಿ. ಒಂದು ಬೇಯಿಸಿದ ಮೊಟ್ಟೆ ಮುಗಿಯಲು ಎಲ್ಲರ ಊಟ ಮುಗಿಯುವಷ್ಟು ಹೊತ್ತು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಬಡಿಸುವವರಿಗೆಲ್ಲ ಉತ್ತರ ಕೊಡಬೇಕು. ಅವಳಿಗೆ ಇದರಿಂದ ಬೇಸರ ಆದದ್ದೂ ಇದೆ. ಆದರೆ ಇನ್ಸುಲಿನ್ ಹೋಯಿತು, ಮೇಲುಕೋಟೆ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ, ಮತ್ತೆ ಕೇಳಿದರೂ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಾಳೆ.

ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು. ನಮ್ಮ ಅನ್ನ ಸಾರಿನಲ್ಲಿ ಅದು ಎಲ್ಲಿದೆ ಹೇಳಿ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ ಆರೇಳು ಗ್ರಾಂ, 100 ಗ್ರಾಂ ಪನೀರ್‌ಗೆ 18ರ ಹತ್ತಿರ. ತಿಳಿಸಾರಿನಲ್ಲಿ ಏನೂ ಇಲ್ಲ. ಬಟ್ಟಲಿನಲ್ಲಿ ಮೊದಲು ಬೇಳೆಕಾಳು, ಮೊಟ್ಟೆ, ಮೀನು, ಮೊಸರು, ಜಾಗ ಉಳಿದರೆ ಅನ್ನ. ಮೊದಮೊದಲು ಪ್ರೋಟೀನ್ ಪೌಡರ್ ಬೇಕೇ ಬೇಕು, ಅದರ ಖರ್ಚನ್ನೂ ಮಾತ್ರೆ, ರಕ್ತ ಪರೀಕ್ಷೆಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಬಹಳ ಜನರಿಗೆ ಮತ್ತೆ ಬರುತ್ತದೆ. ಚರ್ಮ ಜೋಲುತ್ತದೆ. ತೂಕ ವೇಗವಾಗಿ ಇಳಿಯುವುದರಿಂದ ಪಿತ್ತಕೋಶದಲ್ಲಿ ಕಲ್ಲಾಗಬಹುದು.

ಅಪಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಪಳಗಿದ ಕೈಗಳಲ್ಲಿ ಜೀವಕ್ಕೆ ಅಪಾಯ ಸಾವಿರಕ್ಕೆ ಒಂದೆರಡು, ಹೊಲಿಗೆ ಸೋರುವುದು ನೂರಕ್ಕೆ ಒಂದರ ಆಸುಪಾಸು. ಮೊದಲ ವಾರಗಳಲ್ಲಿ ಜ್ವರ, ನಾಡಿ 120 ದಾಟುವುದು, ಹೊಟ್ಟೆ ಅಥವಾ ಎಡ ಭುಜದಲ್ಲಿ ನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಮನೆಯಲ್ಲಿ ಕೂರಬೇಡಿ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳುತ್ತದೆ. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಇಂಜೆಕ್ಷನ್ ಕೊಡಿ ಅಂತ ನೀವೇ ನೆನಪಿಸಬೇಕಾಗಿ ಬರಬಹುದು. ಬೈಪಾಸ್ ಆಗಿ ಎಷ್ಟೋ ವರ್ಷದ ಮೇಲೂ ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡುವ ನೋವು ಬಂದರೆ ಒಳಗೆ ಕರುಳು ಸಿಕ್ಕಿಕೊಂಡಿರಬಹುದು, ತಡ ಮಾಡದೆ ಸಿಟಿ ಸ್ಕ್ಯಾನ್ ಬೇಕು.

ಸರ್ಜನ್ ಹತ್ತಿರ ಕೂತಾಗ ಸಂಕೋಚ ಬಿಡಿ. ಸಾರ್, ಇದನ್ನು ನೀವೇ ಮಾಡ್ತೀರಾ, ವರ್ಷಕ್ಕೆ ಎಷ್ಟು ಮಾಡ್ತೀರಿ, ಸೋರಿಕೆ ಆದರೆ ರಾತ್ರಿ ಹೊತ್ತು ಯಾರು ನೋಡ್ತಾರೆ, ಡಯಟಿಷಿಯನ್ ಒಂದು ವರ್ಷ ಆದ ಮೇಲೂ ಸಿಗ್ತಾರಾ, ನನಗೆ ಇದೇ ಯಾಕೆ, ಇನ್ನೊಂದು ಯಾಕೆ ಬೇಡ? ಕೊನೆಯ ಪ್ರಶ್ನೆಗೆ ನಿಮ್ಮ ರಿಪೋರ್ಟ್ ತೋರಿಸಿ ಉತ್ತರ ಕೊಡುವವರನ್ನು ನಂಬಬಹುದು. ಎಲ್ಲರಿಗೂ ಇದನ್ನೇ ಮಾಡ್ತೀವಿ ಅನ್ನುವವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಊರಿಂದ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಮಾಡಿಸುವವರು ಡಿಸ್ಚಾರ್ಜ್ ಆಗುವಾಗ ಆಪರೇಷನ್ ನೋಟ್ ಕೇಳಿ ಪಡೆಯಿರಿ. ಯಾವ ಆಪರೇಷನ್, ಕರುಳನ್ನು ಎಷ್ಟು ಸೆಂಟಿಮೀಟರ್ ಬಿಟ್ಟು ಜೋಡಿಸಿದ್ದಾರೆ ಅನ್ನುವುದು ಅದರಲ್ಲಿ ಇರಬೇಕು. ಫೋನಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ, ಮನೆಯವರಿಗೂ ಒಂದು ಕಳಿಸಿ, ನಾಳೆ ಊರಿನ ಆಸ್ಪತ್ರೆಗೆ ಹಲ್ಲುನೋವಿಗೆ ಹೋದರೂ ಮಾತ್ರೆ ಬರೆಯುವ ಮೊದಲು ಅದನ್ನು ತೋರಿಸಿ.