ಒಂದೇ ಸರ್ವರ್, ಸೈಟಿಗೊಬ್ಬ ಬಳಕೆದಾರ

ಮಂಗಳೂರು, ಉಡುಪಿ ಕಡೆಯ ಸಣ್ಣ ವೆಬ್ ಡಿಸೈನ್ ಆಫೀಸುಗಳಲ್ಲಿ ಮಾಮೂಲಿ ಕಾಣುವ ವ್ಯವಸ್ಥೆ ಇದು: ತಿಂಗಳ ಬಾಡಿಗೆಯ ಒಂದು ವಿಪಿಎಸ್ (ದೊಡ್ಡ ಯಂತ್ರದಲ್ಲಿ ಪಾಲು ಮಾಡಿ ಕೊಟ್ಟ ಸರ್ವರ್), 2 ಜಿಬಿ ರ‍್ಯಾಮ್, ಅದರೊಳಗೆ ಎಂಟು-ಹತ್ತು ವರ್ಡ್‌ಪ್ರೆಸ್ ಸೈಟು. ದೇವಸ್ಥಾನದ ಸೇವಾ ಬುಕಿಂಗ್, ಮಲ್ಪೆಯ ಹೋಮ್‌ಸ್ಟೇ, ಗೇರುಬೀಜದ ಫ್ಯಾಕ್ಟರಿ, ಯಕ್ಷಗಾನ ಮೇಳದ ತಿರುಗಾಟದ ಪಟ್ಟಿ, ಎಲ್ಲವೂ ಒಬ್ಬನೇ ಬಳಕೆದಾರನ ಹೆಸರಿನಲ್ಲಿ ಓಡುತ್ತಿರುತ್ತವೆ. ಉಬುಂಟುವಿನಲ್ಲಿ ಅವನ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಮುಂದೆ ‘ವೆಬ್ ಬಳಕೆದಾರ’ ಎಂದಷ್ಟೇ ಕರೆಯೋಣ. ಮೇಳದ ಸೈಟಿನ ಹಳೇ ಪ್ಲಗಿನ್ ಮೂಲಕ ಯಾರಾದರೂ ಒಳಹೊಕ್ಕರೆ ದೇವಸ್ಥಾನದ ಡೇಟಾಬೇಸ್ ಪಾಸ್‌ವರ್ಡ್ ಓದಲು ಅವರಿಗೆ ಬೇರೆ ಕನ್ನ ಕೊರೆಯಬೇಕಿಲ್ಲ. ಒಂದು ಸೈಟನ್ನು ಕ್ಲೀನ್ ಮಾಡಿ ಮುಗಿಸುವಷ್ಟರಲ್ಲಿ ಪಕ್ಕದ್ದರಿಂದ ಮತ್ತೆ ಅಂಟುವುದು ಇದೇ ಕಾರಣಕ್ಕೆ.

ಸೈಟಿಗೊಬ್ಬ ಬಳಕೆದಾರನನ್ನು ಮಾಡಿ ಇದನ್ನು ತಡೆಯಬಹುದು. ಕೆಳಗಿನ ಕ್ರಮ ಉಬುಂಟು 24.04, ಎಂಜಿನ್‌ಎಕ್ಸ್ (ಬ್ರೌಸರಿನ ಕೋರಿಕೆಗೆ ಉತ್ತರಿಸುವ ವೆಬ್ ಸರ್ವರ್), ಪಿಎಚ್‌ಪಿ 8.3 ಎಫ್‌ಪಿಎಂಗೆ (ಪಿಎಚ್‌ಪಿ ಕೋಡ್ ಓಡಿಸುವ ಸೇವೆ) ಬರೆದದ್ದು. ಡೆಬಿಯನ್‌ನಲ್ಲಿ ಪಿಎಚ್‌ಪಿ ಆವೃತ್ತಿಯ ಸಂಖ್ಯೆ ಬದಲಾಗುತ್ತದೆ, ಉಳಿದದ್ದು ಬಹುಪಾಲು ಹೀಗೇ.

ಬಳಕೆದಾರ ಮತ್ತು ಫೋಲ್ಡರು

ಸೈಟಿಗೊಂದು ಖಾತೆ ತೆರೆಯಿರಿ. ‘ಮೇಳ’ ಎಂಬ ಬಳಕೆದಾರ, ಅದೇ ಹೆಸರಿನ ಗುಂಪು, ಲಾಗಿನ್ ಶೆಲ್ ಜಾಗದಲ್ಲಿ ನೋಲಾಗಿನ್ (ಆ ಖಾತೆಯಿಂದ ಯಾರೂ ಲಾಗಿನ್ ಆಗದಂತೆ). ಸೈಟಿನ ಮೇಲಿನ ಫೋಲ್ಡರು ರೂಟ್‌ನ (ಸರ್ವರಿನ ಮುಖ್ಯ ಆಡಳಿತ ಖಾತೆ) ಒಡೆತನದಲ್ಲಿರಲಿ, ಗುಂಪು ‘ಮೇಳ’, ಅನುಮತಿ 750 (ಒಡೆಯನಿಗೆ ಎಲ್ಲ ಹಕ್ಕು, ಗುಂಪಿಗೆ ಓದಿ ಒಳಹೋಗುವುದು ಮಾತ್ರ, ಉಳಿದವರಿಗೆ ಏನೂ ಇಲ್ಲ). ಅದರೊಳಗಿನ ‘ಪಬ್ಲಿಕ್’ ಫೋಲ್ಡರಿನಿಂದ ಕೆಳಗೆ ಎಲ್ಲವೂ ‘ಮೇಳ’ನದು: ಫೋಲ್ಡರುಗಳಿಗೆ 750, ಫೈಲುಗಳಿಗೆ 640 (ಒಡೆಯ ಓದಿ ಬರೆಯಬಹುದು, ಗುಂಪು ಓದಬಹುದು). ಮೇಲಿನದ್ದು ರೂಟ್‌ನದೇ ಆಗಿರಬೇಕು ಎನ್ನುವುದಕ್ಕೆ ಕಾರಣ ಇದೆ. ನಾಳೆ ಗಿರಾಕಿಗೆ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕ ಫೈಲು ಕಳಿಸುವ ದಾರಿ) ಕೊಟ್ಟು ಆ ಫೋಲ್ಡರಿನೊಳಗೇ ಕೂಡಿಹಾಕಬೇಕೆಂದರೆ, ಮೇಲಿನ ಫೋಲ್ಡರು ರೂಟ್‌ನದಾಗಿರದೆ ಅಥವಾ ಗುಂಪಿಗೆ ಬರೆಯುವ ಅನುಮತಿ ಇದ್ದರೆ ಎಸ್‌ಎಸ್‌ಎಚ್ ಸಂಪರ್ಕವನ್ನೇ ಕಡಿದುಹಾಕುತ್ತದೆ.

ಚಿತ್ರ, ಸಿಎಸ್‌ಎಸ್‌ಗಳನ್ನು ಎಂಜಿನ್‌ಎಕ್ಸ್ ನೇರವಾಗಿ ಓದಬೇಕಲ್ಲ, ಅದಕ್ಕಾಗಿ ವೆಬ್ ಬಳಕೆದಾರನನ್ನು ‘ಮೇಳ’ ಗುಂಪಿಗೆ ಸೇರಿಸಿ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿ. ಇದನ್ನು ಮರೆತರೆ ಬ್ರೌಸರಿನಲ್ಲಿ 403 (ಅನುಮತಿ ಇಲ್ಲ) ಅಥವಾ 404 (ಸಿಗಲಿಲ್ಲ) ದೋಷ ಬರುತ್ತದೆ, ಎರರ್ ಲಾಗ್‌ನಲ್ಲಿ ‘13: ಪರ್ಮಿಷನ್ ಡಿನೈಡ್’ ಎಂದಿರುತ್ತದೆ. ದಾರಿಯಲ್ಲಿ ಯಾವ ಫೋಲ್ಡರು ತಡೆಯುತ್ತಿದೆ ಎಂದು ನೇಮ್‌ಐ ಕಮಾಂಡಿಗೆ ಎಲ್ ಆಯ್ಕೆ ಕೊಟ್ಟರೆ ಒಂದೊಂದಾಗಿ ತೋರಿಸುತ್ತದೆ. ಸಿಟ್ಟಿನಲ್ಲಿ 777 (ಎಲ್ಲರಿಗೂ ಎಲ್ಲ ಅನುಮತಿ) ಹೊಡೆಯುವುದಕ್ಕಿಂತ ಅದು ಬೇಗದ ದಾರಿ.

ಪೂಲ್

ಪೂಲ್ ಅಂದರೆ ಒಬ್ಬ ಬಳಕೆದಾರನ ಹೆಸರಿನಲ್ಲಿ ಓಡುವ ಪಿಎಚ್‌ಪಿ ಪ್ರಕ್ರಿಯೆಗಳ ತಂಡ. ಎಫ್‌ಪಿಎಂನ ಪೂಲ್ ಫೋಲ್ಡರಿನಲ್ಲಿ ಮೂಲ ಫೈಲನ್ನು ನಕಲು ಮಾಡಿ. ಪೂಲಿನ ಹೆಸರು ‘ಮೇಳ’, ಯೂಸರ್ ಮತ್ತು ಗ್ರೂಪ್ ಎರಡೂ ‘ಮೇಳ’, ಸಾಕೆಟ್ ಫೈಲಿಗೆ (ಎಂಜಿನ್‌ಎಕ್ಸ್ ಪೂಲಿನೊಡನೆ ಮಾತಾಡುವ ಜಾಗ) ಪ್ರತ್ಯೇಕ ಹೆಸರು. ಸಾಕೆಟ್ಟಿನ ಓನರ್, ಗ್ರೂಪ್ ಮಾತ್ರ ವೆಬ್ ಬಳಕೆದಾರನೇ ಆಗಿರಲಿ, ಮೋಡ್ 0660 (ಓನರ್, ಗ್ರೂಪ್‌ಗೆ ಮಾತ್ರ ಅನುಮತಿ).

ಈ ಮೋಡ್ ವಿಷಯದಲ್ಲಿ ರಾಜಿ ಬೇಡ. 502 ದೋಷ (ಎಂಜಿನ್‌ಎಕ್ಸ್‌ಗೆ ಪಿಎಚ್‌ಪಿ ಸಿಗಲಿಲ್ಲ) ಬಂದಾಗ 0666 (ಎಲ್ಲರಿಗೂ ಅನುಮತಿ) ಹಾಕಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ, ಹಾಕಿದರೆ ದೋಷವೂ ಹೋಗುತ್ತದೆ. ಆದರೆ ಆಮೇಲೆ ಸರ್ವರಿನ ಯಾವ ಬಳಕೆದಾರನಾದರೂ ಆ ಸಾಕೆಟ್ಟಿಗೆ ನೇರವಾಗಿ ಫಾಸ್ಟ್‌ಸಿಜಿಐ ವಿನಂತಿ ಕಳಿಸಿ ‘ಮೇಳ’ನ ಹೆಸರಿನಲ್ಲಿ ಕೋಡ್ ಓಡಿಸಬಹುದು. ಬಳಕೆದಾರರನ್ನು ಬೇರೆ ಮಾಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. 502 ಬಂದರೆ ಸಾಕೆಟ್ಟಿನ ಓನರ್ ಸಾಲು ಸೆಮಿಕೋಲನ್ ಹಿಂದೆ ಅಡಗಿದೆಯೇ (ಅಂಥ ಸಾಲನ್ನು ಎಫ್‌ಪಿಎಂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ), ಎಂಜಿನ್‌ಎಕ್ಸ್‌ನಲ್ಲಿ ಬರೆದ ಸಾಕೆಟ್ ದಾರಿ ಇದೇನಾ ಎಂದು ಮೊದಲು ನೋಡಿ.

ಪ್ರಕ್ರಿಯೆಗಳ ಲೆಕ್ಕ: ವರ್ಡ್‌ಪ್ರೆಸ್ ಪ್ರಕ್ರಿಯೆಯೊಂದಕ್ಕೆ 60 ಎಂಬಿ ಹಿಡಿಯಿರಿ. ಡೇಟಾಬೇಸ್, ಸಿಸ್ಟಂ ಕಳೆದು 1.2 ಜಿಬಿ ಉಳಿದರೆ ಒಟ್ಟು 20 ಪ್ರಕ್ರಿಯೆ. ಎಂಟು ಸೈಟಿಗೆ ಐದೈದು ಕೊಟ್ಟರೆ 40 ಆಯಿತು, ಎಲ್ಲವೂ ಒಟ್ಟಿಗೆ ಎದ್ದರೆ ರ‍್ಯಾಮ್ ಸಾಲದು. ಹಾಗಾಗಿ ಪಿಎಂ ಆಯ್ಕೆ ‘ಆನ್‌ಡಿಮಾಂಡ್’ (ಕೋರಿಕೆ ಬಂದಾಗಷ್ಟೇ ಪ್ರಕ್ರಿಯೆ ಏಳುವುದು) ಇರಲಿ, ಸಾಮಾನ್ಯ ಸೈಟಿಗೆ ಮ್ಯಾಕ್ಸ್ ಚಿಲ್ಡ್ರನ್ (ಗರಿಷ್ಠ ಪ್ರಕ್ರಿಯೆ) 3, ಬುಕಿಂಗ್ ಇರುವುದಕ್ಕೆ 6. ಉಡುಪಿಯ ಪರ್ಯಾಯ ಉತ್ಸವ (ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವುದು) ಬರುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಉಡುಪಿಯ ಲಾಡ್ಜ್ ಸೈಟು ನಿಮ್ಮಲ್ಲಿದ್ದರೆ ಆ ವಾರ ಎಫ್‌ಪಿಎಂ ಲಾಗ್ ನೋಡುತ್ತಿರಿ. ಮ್ಯಾಕ್ಸ್ ಚಿಲ್ಡ್ರನ್ ಮಿತಿ ಮುಟ್ಟಿತೆಂಬ ಎಚ್ಚರಿಕೆ ಮತ್ತೆ ಮತ್ತೆ ಬಂದರೆ ಅದೊಂದಕ್ಕೆ ಮಾತ್ರ ಹೆಚ್ಚಿಸಿ. ಬೇರೆ ಪೂಲ್ ಮಾಡಿದ್ದರಿಂದ ಸಿಗುವ ಇನ್ನೊಂದು ಲಾಭ ಇದು: ಲಾಡ್ಜಿನ ನೂಕುನುಗ್ಗಲಿಗೆ ಗೇರುಬೀಜದ ಸೈಟಿನ ಪ್ರಕ್ರಿಯೆಗಳು ಖರ್ಚಾಗುವುದಿಲ್ಲ.

ಓಪನ್-ಬೇಸ್‌ಡಿರ್ (ಪಿಎಚ್‌ಪಿ ಮುಟ್ಟಬಹುದಾದ ಫೋಲ್ಡರುಗಳಿಗೆ ಮಿತಿ) ಹಾಕಬೇಕೇ? ಹಾಕಿದರೆ ಪಿಎಚ್‌ಪಿಯ ರಿಯಲ್‌ಪಾತ್ ಕ್ಯಾಶ್ (ಫೈಲಿನ ದಾರಿಗಳನ್ನು ನೆನಪಿಡುವುದು) ನಿಲ್ಲುತ್ತದೆ, ಫೈಲು ಜಾಸ್ತಿ ಇರುವ ಸೈಟು ನಿಧಾನವಾಗುತ್ತದೆ. ಬಳಕೆದಾರ ಬೇರೆಯಾದ ಮೇಲೆ ನಮ್ಮ ಮಟ್ಟಿಗೆ ಅದು ಕಡ್ಡಾಯವಲ್ಲ. ಸೆಷನ್ ಫೋಲ್ಡರನ್ನೂ (ಸೈಟಿಗೆ ಬಂದವರ ತಾತ್ಕಾಲಿಕ ಮಾಹಿತಿ ಇರುವ ಜಾಗ) ಮುಟ್ಟಬೇಡಿ. ಉಬುಂಟುವಿನ ಮೂಲ ಸೆಷನ್ ಫೋಲ್ಡರಿನ ಅನುಮತಿ 1733, ಅಂದರೆ ಒಬ್ಬರ ಫೈಲನ್ನು ಇನ್ನೊಬ್ಬರು ಪಟ್ಟಿ ಮಾಡಲಾರರು, ಓದಲಾರರು. ಪೂಲಿನಲ್ಲಿ ಬೇರೆ ಜಾಗ ಕೊಟ್ಟರೆ ಹಳೆಯ ಸೆಷನ್ ಗುಡಿಸುವ ಸಿಸ್ಟಂ ಟೈಮರಿಗೆ ಅದು ಗೊತ್ತಾಗದೆ ಫೈಲುಗಳು ರಾಶಿ ಬೀಳುತ್ತವೆ. ಆದರೆ ಆಪ್‌ಕ್ಯಾಶ್ (ಕಂಪೈಲ್ ಆದ ಪಿಎಚ್‌ಪಿ ಕೋಡಿನ ಸಂಗ್ರಹ) ಮೆಮೊರಿ ಎಲ್ಲ ಪೂಲುಗಳಿಗೂ ಒಂದೇ. ಎಫ್‌ಪಿಎಂನ ಮುಖ್ಯ ಪಿಎಚ್‌ಪಿ ಐಎನ್‌ಐ ಫೈಲಿನಲ್ಲಿ ಆಪ್‌ಕ್ಯಾಶ್‌ನ ‘ವ್ಯಾಲಿಡೇಟ್ ಪರ್ಮಿಷನ್’ 1 ಮಾಡಿ, ಆಗ ಕೋಡ್ ಕೊಡುವ ಮೊದಲು ಓದುವ ಅನುಮತಿ ನೋಡುತ್ತದೆ. ಹಣ ಪಾವತಿ ನಡೆಯುವ ಸೈಟಿದ್ದರೆ ಅದಕ್ಕೆ ಪ್ರತ್ಯೇಕ ಎಫ್‌ಪಿಎಂ ಸರ್ವೀಸೇ ಒಳ್ಳೆಯದು.

ಓಡುತ್ತಿರುವ ಸೈಟನ್ನು ಬದಲಿಸುವಾಗ

ಮೊದಲು ಒಡೆತನ ಮಾತ್ರ ಬದಲಿಸಿ, ಹಳೆಯ 755, 644 ಹಾಗೇ ಇರಲಿ. ಹಳೆಯ ಪೂಲ್ ಆಗಲೂ ಓದಬಲ್ಲದು, ಅಪ್‌ಲೋಡ್ ಮಾತ್ರ ಕೆಲ ನಿಮಿಷ ನಿಲ್ಲುತ್ತದೆ. ಎಂಜಿನ್‌ಎಕ್ಸ್‌ಗೆ ಹೊಸ ಸಾಕೆಟ್ ತೋರಿಸಿ, ಕಾನ್ಫಿಗ್ ಪರೀಕ್ಷಿಸಿ, ರೀಲೋಡ್ ಮಾಡಿ. ಸೈಟು ಸರಿಯಾಗಿ ತೆರೆದ ಮೇಲಷ್ಟೇ ಅನುಮತಿ ಬಿಗಿಮಾಡಿ. ತಿರುಗಾಮುರುಗಾ ಮಾಡಿದರೆ ನಡುಹಗಲಲ್ಲಿ ಗಿರಾಕಿಯ ಫೋನು ಗ್ಯಾರಂಟಿ.

ಎಲ್ಲ ಸೈಟು ದಾಟಿಸಿದ ಮೇಲೆ ಮೂಲದ ಡಬ್ಲ್ಯುಡಬ್ಲ್ಯುಡಬ್ಲ್ಯು ಪೂಲನ್ನು ತೆಗೆದುಹಾಕಲೇಬೇಕು. ವೆಬ್ ಬಳಕೆದಾರ ಈಗ ಎಲ್ಲ ಗುಂಪುಗಳಲ್ಲೂ ಇದ್ದಾನೆ. ಅವನ ಹೆಸರಿನಲ್ಲಿ ಒಂದು ಪಿಎಚ್‌ಪಿ ಫೈಲು ಓಡಿದರೂ ಎಲ್ಲ ಮನೆಯ ಬಾಗಿಲೂ ತೆರೆದಂತೆ. ಒಂದೂ ಪೂಲ್ ಇಲ್ಲದಿದ್ದರೆ ಎಫ್‌ಪಿಎಂ ಏಳುವುದಿಲ್ಲ, ಆದ್ದರಿಂದ ಇದು ಕೊನೆಯ ಕೆಲಸ.

ಇದೇ ವೆಬ್ ಬಳಕೆದಾರನಿಂದಾಗಿ ಇನ್ನೊಂದು ಸಂದಿಯೂ ಉಳಿಯುತ್ತದೆ. ಮೇಳದ ಸೈಟಿಗೆ ನುಗ್ಗಿದವನು ದೇವಸ್ಥಾನದ ಡಬ್ಲ್ಯುಪಿ-ಕಾನ್ಫಿಗ್ ಫೈಲಿಗೆ (ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲು) ತನ್ನ ಫೋಲ್ಡರಿನಿಂದ ಒಂದು ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರುವ ಕೊಂಡಿ) ಮಾಡಿ, ‘ಎ.ಟಿಎಕ್ಸ್‌ಟಿ’ ಎಂದು ಹೆಸರಿಟ್ಟು ಬ್ರೌಸರಿನಲ್ಲಿ ತೆರೆದರೆ? ಓದುವವನು ಎಂಜಿನ್‌ಎಕ್ಸ್, ಅವನಿಗೆ ಅನುಮತಿ ಇದೆ, ಪಾಸ್‌ವರ್ಡ್ ಪರದೆಯ ಮೇಲೆ. ಇದಕ್ಕೆ ಎರಡು ತಡೆ, ಎರಡೂ ಬೇಕು. ಡಬ್ಲ್ಯುಪಿ-ಕಾನ್ಫಿಗ್ ಅನುಮತಿ 600 (ಒಡೆಯನಿಗೆ ಮಾತ್ರ) ಮಾಡಿ, ಪಿಎಚ್‌ಪಿ ಫೈಲನ್ನು ಎಂಜಿನ್‌ಎಕ್ಸ್ ಓದಬೇಕಾಗಿಯೇ ಇಲ್ಲ. ಜೊತೆಗೆ ಎಂಜಿನ್‌ಎಕ್ಸ್‌ನಲ್ಲಿ ‘ಡಿಸೇಬಲ್ ಸಿಮ್‌ಲಿಂಕ್ಸ್’ ಆಯ್ಕೆಗೆ ‘ಇಫ್ ನಾಟ್ ಓನರ್’ ಕೊಡಿ. ರೂಟ್ ಆಗಿ ನೀವೇ ಮಾಡಿಟ್ಟ ಲಿಂಕುಗಳಿದ್ದರೆ ಅವೂ 403 ಕೊಡುತ್ತವೆ, ಅವುಗಳ ಒಡೆತನ ಬದಲಿಸಿ.

ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ತಡೆಯುವ ಲೊಕೇಶನ್ ಬ್ಲಾಕ್ (ಎಂಜಿನ್‌ಎಕ್ಸ್‌ನಲ್ಲಿ ವಿಳಾಸಕ್ಕೆ ತಕ್ಕ ನಿಯಮ) ಕೂಡ ಹಾಕಿ. ರೆಗೆಕ್ಸ್ (ಮಾದರಿ ಕೊಟ್ಟು ಹೊಂದಿಸುವ) ಲೊಕೇಶನ್‌ಗಳಲ್ಲಿ ಫೈಲಿನಲ್ಲಿ ಮೊದಲು ಹೊಂದಿದ್ದೇ ಗೆಲ್ಲುವುದರಿಂದ, ಈ ಬ್ಲಾಕ್ ಸಾಮಾನ್ಯ ಪಿಎಚ್‌ಪಿ ಬ್ಲಾಕಿಗಿಂತ ಮೇಲಿರಬೇಕು.

ಡೇಟಾಬೇಸಿಗೂ ಸೈಟಿಗೊಂದು ಖಾತೆ, ಅದರ ಹಕ್ಕು ಆ ಒಂದೇ ಡೇಟಾಬೇಸಿಗೆ. ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ) ಸಾಲುಗಳು ಆಯಾ ಬಳಕೆದಾರನ ಕ್ರಾನ್‌ಟ್ಯಾಬಿಗೇ ಹೋಗಲಿ. ಡಬ್ಲ್ಯುಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ನ ಕಮಾಂಡ್ ಉಪಕರಣ) ಓಡಿಸುವಾಗ ಸುಡೋದ (ಬೇರೆ ಬಳಕೆದಾರನಾಗಿ ಓಡಿಸುವ ಕಮಾಂಡ್) ಯು ಆಯ್ಕೆಯಲ್ಲಿ ‘ಮೇಳ’ ಕೊಡಿ. ರೂಟ್ ಆಗಿ ಓಡಿಸಿದರೆ ರೂಟ್‌ನ ಫೈಲುಗಳು ಒಳಗೆ ಕುಳಿತು, ಮುಂದಿನ ಅಪ್‌ಡೇಟ್‌ನಲ್ಲಿ ವರ್ಡ್‌ಪ್ರೆಸ್ ಎಫ್‌ಟಿಪಿ ವಿವರ ಕೇಳತೊಡಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೇಳದ ಸೈಟು ತನ್ನ ಕೋಡನ್ನು ತಾನೇ ಬದಲಿಸಬಲ್ಲದು. ರಕ್ಷಣೆ ಸಿಗುವುದು ಪಕ್ಕದ ಸೈಟುಗಳಿಗೆ ಮಾತ್ರ. ಸೈಟು ತನ್ನ ಕೋಡನ್ನು ಬದಲಿಸುವುದನ್ನೂ ತಡೆಯಬೇಕಿದ್ದರೆ ಕೋಡಿನ ಒಡೆತನ ಮೂರನೆಯ ಖಾತೆಗೆ ಕೊಟ್ಟು, ಪೂಲಿನ ಬಳಕೆದಾರನಿಗೆ ಅಪ್‌ಲೋಡ್ಸ್‌ನಲ್ಲಷ್ಟೇ ಬರೆಯಲು ಬಿಡಿ. ಆಗ ಡ್ಯಾಶ್‌ಬೋರ್ಡಿನಿಂದ ಪ್ಲಗಿನ್ ಅಪ್‌ಡೇಟ್ ಆಗದು, ನೀವೇ ಆ ಖಾತೆಯಿಂದ ಮಾಡಬೇಕಾಗುತ್ತದೆ.

ಪರೀಕ್ಷೆಗೆ, ಪಿಎಸ್ ಕಮಾಂಡಿನಲ್ಲಿ ಎಫ್‌ಪಿಎಂ ಪ್ರಕ್ರಿಯೆಗಳ ಬಳಕೆದಾರರನ್ನು ನೋಡಿ: ಮಾಸ್ಟರ್ ಮಾತ್ರ ರೂಟ್, ಉಳಿದವು ಸೈಟಿನ ಹೆಸರಿನಲ್ಲಿರಬೇಕು. ಆನ್‌ಡಿಮಾಂಡ್ ಆದ್ದರಿಂದ ಮೊದಲು ಸೈಟನ್ನೊಮ್ಮೆ ತೆರೆಯಿರಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಆಮೇಲೆ ಸುಡೋ ಮೂಲಕ ‘ಮೇಳ’ನಾಗಿ ದೇವಸ್ಥಾನದ ಫೋಲ್ಡರನ್ನು ಪಟ್ಟಿ ಮಾಡಲು ನೋಡಿ, ಅದರ ಸಾಕೆಟ್ಟಿಗೆ ಸಂಪರ್ಕಿಸಲು ನೋಡಿ, ವೆಬ್ ಬಳಕೆದಾರನಾಗಿ ಡಬ್ಲ್ಯುಪಿ-ಕಾನ್ಫಿಗ್ ಓದಲು ನೋಡಿ. ಮೂರಕ್ಕೂ ‘ಪರ್ಮಿಷನ್ ಡಿನೈಡ್’ ಬರಬೇಕು.